ಬಿದರಿ ಕಾರ್ಖಾನೆಯ ಕಿರ್ದಿ: ಬೆಳ್ಳಿಯ ಗ್ರಾಂನಿಂದ ಜಿಎಸ್‌ಟಿ ರಿಟರ್ನ್‌ವರೆಗೆ

ಬೀದರಿನ ಚೌಬಾರಾ ಸುತ್ತಲಿನ ಓಣಿಗಳಲ್ಲಿ ಸತುವಿನ ಸಾಮಾನಿಗೆ ಬೆಳ್ಳಿ ಜಡಿಯುವ ಬಿದರಿ ಕಾರ್ಖಾನೆ ಎಂದರೆ ಸಾಮಾನ್ಯವಾಗಿ ಒಂದು ಕೋಣೆ, ಮೂರ್ನಾಲ್ಕು ಜನ, ಒಂದು ಪಾಲಿಶ್ ಮೋಟರು. ಲೆಕ್ಕಕ್ಕೆ ಒಂದೇ ಡೈರಿ. ಸತುವಿನ ಗಟ್ಟಿಯ ಬೆಲೆ, ಕೆತ್ತನೆಯವನಿಗೆ ಕೊಟ್ಟ ಕೂಲಿ, ಮಗಳ ಶಾಲೆ ಫೀಸು, ಹೈದರಾಬಾದಿನ ವ್ಯಾಪಾರಿ ಕಳಿಸಿದ ಮುಂಗಡ, ಎಲ್ಲವೂ ಅದರಲ್ಲೇ ಒಂದರ ಕೆಳಗೊಂದು. ವರ್ಷದ ಕೊನೆಗೆ ಆಡಿಟರ್ ಮುಂದೆ ಇಟ್ಟಾಗ ಆ ಡೈರಿ ಎರಡು ಪ್ರಶ್ನೆಗೆ ಬಾಯಿ ಬಿಡುವುದಿಲ್ಲ: ವಹಿವಾಟು ನಿಜಕ್ಕೂ ಎಷ್ಟಾಯಿತು? ಬೆಳ್ಳಿ ಎಲ್ಲಿ ಹೋಯಿತು?

ಈ ಮಾರ್ಗದರ್ಶಿ ಆ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಬರೆದದ್ದು. ಉದಾಹರಣೆಗಳೆಲ್ಲ ಬಿದರಿಯವು. ಆದರೆ ಕೌದಿ ಹೊಲಿಯುವ, ಲಂಬಾಣಿ ಕಸೂತಿ ಹಾಕುವ ಕಲಬುರಗಿ, ಯಾದಗಿರಿಯ ಮನೆಗಳಿಗೂ ಬೆಳ್ಳಿಯ ಭಾಗವೊಂದನ್ನು ಬಿಟ್ಟರೆ ಉಳಿದ ಲೆಕ್ಕ ಹೆಚ್ಚುಕಡಿಮೆ ಇದೇ.

ಮೊದಲು ದುಡ್ಡಿನ ದಾರಿ ಬೇರೆ ಮಾಡಿ

ಕೈಕೆಲಸದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಆ ಖಾತೆಗೇ ಅಂಟಿದ ಪ್ರತ್ಯೇಕ ಯುಪಿಐ ಕ್ಯೂಆರ್. ಇದಾಗದೆ ಮುಂದಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಮೊತ್ತ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬಹಳ ಜನ ಸಿಕ್ಕಿಕೊಂಡದ್ದು ಇಲ್ಲೇ. ತಮ್ಮ ಕಳಿಸಿದ ಕೈಗಡ, ಚೀಟಿ ಹಣ, ಮದುವೆಯ ಮುಯ್ಯಿ, ವ್ಯಾಪಾರದ ದುಡ್ಡು ಒಂದೇ ಖಾತೆಗೆ ಬಿದ್ದಿದ್ದರೆ, ಇದು ವ್ಯಾಪಾರದ್ದಲ್ಲ ಎಂದು ಒಂದೊಂದು ಜಮೆಗೂ ಸಾಕ್ಷಿ ಕೊಡುವ ಭಾರ ನಿಮ್ಮ ಮೇಲೆಯೇ ಬರುತ್ತದೆ. ನಾಲ್ಕು ವರ್ಷದ ಹಿಂದಿನ 3,000 ರೂಪಾಯಿ ಯಾರು ಯಾಕೆ ಹಾಕಿದರೆಂದು ಯಾರಿಗೆ ನೆನಪಿರುತ್ತದೆ?

ಮನೆಗೆ ಹಣ ಬೇಕಾದಾಗ ವ್ಯಾಪಾರದ ಖಾತೆಯಿಂದ ವಾರಕ್ಕೊಮ್ಮೆ ಒಂದು ಮೊತ್ತ ತೆಗೆದು ಮನೆಯ ಖಾತೆಗೆ ಹಾಕಿ, ಕಿರ್ದಿಯಲ್ಲಿ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕದಲ್ಲಿ, 'ಮನೆಖರ್ಚಿಗೆ' ಎಂದು ಬರೆಯಿರಿ. ಅದು ವ್ಯಾಪಾರದ ಖರ್ಚಲ್ಲ, ನೀವು ನಿಮ್ಮ ಬಂಡವಾಳದಿಂದ ತೆಗೆದ ಹಣ. ತರಕಾರಿ, ಪೆಟ್ರೋಲು, ಔಷಧಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಸೀದಾ ತೆಗೆಯುವ ರೂಢಿ ಇದ್ದರೆ ರಾತ್ರಿ ಶಿಲ್ಕು, ಅಂದರೆ ಕೈಯಲ್ಲಿ ಉಳಿದದ್ದು, ಎಂದೂ ತಾಳೆ ಬೀಳದು.

ಬೆಳ್ಳಿ ವಹಿ

ಬಿದರಿಯ ಮೈ ಸತು. ಅದಕ್ಕೆ ಸ್ವಲ್ಪವೇ ತಾಮ್ರ ಸೇರುತ್ತದೆ. ಅದರ ಬೆಲೆ ಕಿಲೋ ಲೆಕ್ಕದಲ್ಲಿ. ಜಡಿಯುವ ತಂತಿ, ತಗಡು ಶುದ್ಧ ಬೆಳ್ಳಿ. ಅದರ ಬೆಲೆ ಗ್ರಾಂ ಲೆಕ್ಕದಲ್ಲಿ. ತುಂಬು ಕೆಲಸದ ಒಂದು ಹೂದಾನಿಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೆಳ್ಳಿಯದೇ ಆಗಬಹುದು. ಹೀಗಿದ್ದೂ ಬಹುತೇಕ ಕಾರ್ಖಾನೆಗಳಲ್ಲಿ ಬೆಳ್ಳಿಯನ್ನು ರೂಪಾಯಿಯಲ್ಲಿ ಮಾತ್ರ ಬರೆದಿಡುತ್ತಾರೆ: 'ಬೆಳ್ಳಿ ತಂದದ್ದು 50,000'. ಅಷ್ಟೇ. ದರ ಏರಿದಾಗ ಈ ಬರಹ ಇಲ್ಲದ ಲಾಭ ತೋರಿಸುತ್ತದೆ, ಇಳಿದಾಗ ಇಲ್ಲದ ನಷ್ಟ. ಬೆಳ್ಳಿಗೆ ತೂಕದ ವಹಿ ಬೇಕು. ಉಳಿದೆಲ್ಲ ಪುಸ್ತಕಗಳಿಗಿಂತ ಮೊದಲು ಇದನ್ನು ಶುರು ಮಾಡಿ.

ಉದ್ದ ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ಎಂಟು ಕಂಬ ಗೀಚಿ: ತಾರೀಖು, ವಿವರ, ಒಳಬಂದ ಗ್ರಾಂ, ದರ, ಕೆಲಸಗಾರನಿಗೆ ಕೊಟ್ಟ ಗ್ರಾಂ, ಸಾಮಾನಿನಲ್ಲಿ ಕೂತ ಗ್ರಾಂ, ತುಣುಕಾಗಿ ವಾಪಸ್ ಬಂದ ಗ್ರಾಂ, ಸವಕಳಿ. ತಂತಿ ಮತ್ತು ತಗಡಿಗೆ ಬೇರೆ ಬೇರೆ ಪುಟ. ತೂಕಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. 1 ಗ್ರಾಂ ತೋರಿಸುವ ಕಿರಾಣಿ ತಕ್ಕಡಿಯಲ್ಲಿ ದಿನಕ್ಕೆ ನಾಲ್ಕು ಸಲ ತೂಗಿದರೆ ತಿಂಗಳಿಗೆ ಎಷ್ಟು ಬೆಳ್ಳಿ ಗಾಳಿಗೆ ಹೋಗುತ್ತದೆಂದು ನೀವೇ ಲೆಕ್ಕ ಹಾಕಿ.

ಸಾಮಾನಿನಲ್ಲಿ ಎಷ್ಟು ಬೆಳ್ಳಿ ಕೂತಿದೆ ಎಂದು ತಿಳಿಯಲು ತೂಗುವ ಹೊತ್ತು ಸರಿಯಾಗಿರಬೇಕು. ಎರಕ ಹೊಯ್ದು ಅರದಿಂದ ಉಜ್ಜಿದ ಮೇಲೆ ಒಮ್ಮೆ ತೂಗಿ, ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ತೂಗಿ ಕಳೆದರೆ ಬರುವ ಅಂಕಿ ತಪ್ಪು. ನಡುವೆ ಮೈಲುತುತ್ತದಿಂದ ಮೈ ಕಪ್ಪಾಗಿಸಿ ಕಲಮಿನಿಂದ, ಅಂದರೆ ಸಣ್ಣ ಉಳಿಯಿಂದ, ಗೀರು ತೋಡುವಾಗ ಸತು ಉದುರಿರುತ್ತದೆ. ಆದ್ದರಿಂದ ಮೊದಲ ತೂಕ ಕೆತ್ತನೆ ಮುಗಿದು, ಪುಡಿಯನ್ನು ಬ್ರಷ್‌ನಿಂದ ತೆಗೆದ ಮೇಲೆ, ಜಡಿಯುವ ಮುನ್ನ. ಎರಡನೆಯದು ಕೊನೆಯ ಬೆಳ್ಳಿ ಎಳೆ ಬಡಿದು ಕೂರಿಸಿದ ಮೇಲೆ, ಅರ ಮುಟ್ಟುವ ಮುನ್ನ. ಇವೆರಡರ ವ್ಯತ್ಯಾಸವೇ ಆ ಸಾಮಾನಿನ ಬೆಳ್ಳಿ. ಅದನ್ನು ಸಾಮಾನಿನ ನಂಬರಿನ ಎದುರು ಅಲ್ಲೇ ಬರೆಯಿರಿ. ಸಂಜೆ ಬರೆದರಾಯಿತು ಎಂದಿಟ್ಟದ್ದು ಬರೆಯದೇ ಉಳಿಯುತ್ತದೆ.

ಒಂದು ತಿಂಗಳ ಪುಟ ಹೀಗಿರುತ್ತದೆ. ಆರಂಭದ ಶಿಲ್ಕು 140 ಗ್ರಾಂ, ದರ 180 ರೂ., ಅಂದರೆ 25,200. ತಿಂಗಳ ನಡುವೆ 250 ಗ್ರಾಂ ಖರೀದಿ, ದರ 200, ಅಂದರೆ 50,000. ಒಟ್ಟು 390 ಗ್ರಾಂ, 75,200 ರೂಪಾಯಿ. ಸರಾಸರಿ ಗ್ರಾಂಗೆ 192.82. ಆ ತಿಂಗಳು ಕೆಲಸಗಾರರಿಗೆ ಕೊಟ್ಟದ್ದು 260 ಗ್ರಾಂ. ಸಾಮಾನುಗಳಲ್ಲಿ ಕೂತದ್ದು 232. ತುಣುಕಾಗಿ ವಾಪಸ್ 18. ಉಳಿದ 10 ಗ್ರಾಂ ಸವಕಳಿ, ಅಂದರೆ ಕೊಟ್ಟದ್ದರ ಶೇ. 3.85. ಪೆಟ್ಟಿಗೆಯಲ್ಲಿ ಮುಟ್ಟದ ಬೆಳ್ಳಿ 130 ಗ್ರಾಂ, ತುಣುಕು 18 ಗ್ರಾಂ ಇರಲೇಬೇಕು. ಇಲ್ಲದಿದ್ದರೆ ಆ ದಿನವೇ ಹುಡುಕಿ. ಮೂರು ತಿಂಗಳ ಪುಟ ಜೋಡಿಸಿ ನೋಡಿದರೆ ನಿಮ್ಮ ಕಾರ್ಖಾನೆಯ ಸಹಜ ಸವಕಳಿ ಎಷ್ಟೆಂದು ತಾನಾಗಿ ತಿಳಿಯುತ್ತದೆ. ಒಂದು ತಿಂಗಳು ಅದು ಒಮ್ಮೆಲೇ ದುಪ್ಪಟ್ಟಾದರೆ ಯಾರ ಮೇಲೂ ಅನುಮಾನಕ್ಕೆ ಇಳಿಯುವ ಮೊದಲು ಗೀರಿನ ಆಳ ಮತ್ತು ತಂತಿಯ ದಪ್ಪ ಹೊಂದುತ್ತಿವೆಯೇ ನೋಡಿ. ಗೀರಿನ ಆಳಕ್ಕಿಂತ ತಂತಿ ದಪ್ಪವಾಗಿದ್ದರೆ ಮೇಲೆ ಉಳಿದ ಬೆಳ್ಳಿಯೆಲ್ಲ ಅರದ ಬಾಯಿಗೆ ಹೋಗುತ್ತದೆ.

ಅರದ ಪುಡಿಯಲ್ಲಿ ಸತು, ಬೆಳ್ಳಿ ಎರಡೂ ಇರುತ್ತವೆ. ಕೆಳಗೆ ಬಟ್ಟೆ ಹಾಸಿ ಕೂಡಿಸಿ, ಡಬ್ಬಿಗೆ ತುಂಬಿ, ಕರಗಿಸಿ ಬೇರ್ಪಡಿಸಲು ಕೊಟ್ಟಾಗ ಬಂದ ಬೆಳ್ಳಿಯ ತೂಕವನ್ನು ಒಳಬಂದ ಗ್ರಾಂನಲ್ಲಿ ಬರೆಯಿರಿ. ಪುಡಿಯನ್ನೇ ಮಾರಿದರೆ ಆ ಹಣ ವ್ಯಾಪಾರದ ಜಮೆ. ಅದನ್ನು ಕೈಖರ್ಚಿಗೆ ಇಟ್ಟುಕೊಳ್ಳುವ ರೂಢಿ ಲೆಕ್ಕದ ದೊಡ್ಡ ತೂತು.

ಇನ್ನು ಗಿರಾಕಿಯ ಬೆಳ್ಳಿ. ದೊಡ್ಡ ವ್ಯಾಪಾರಿಗಳು ಎರಕದ ತುಂಡು, ಬೆಳ್ಳಿ ಎರಡನ್ನೂ ತಾವೇ ಕೊಟ್ಟು ಮಜೂರಿ ಮಾತ್ರ ಕೊಡುವುದುಂಟು. ಆ ಬೆಳ್ಳಿ ನಿಮ್ಮದಲ್ಲ. ಅದನ್ನು ನಿಮ್ಮ ಬೆಳ್ಳಿ ವಹಿಯಲ್ಲಿ ಸೇರಿಸಬೇಡಿ. ಬೇರೆ ಬಣ್ಣದ ರಟ್ಟಿನ ಇನ್ನೊಂದು ವಹಿ ಮಾಡಿ, ಬಂದ ಗ್ರಾಂ, ಮರಳಿಸಿದ ಗ್ರಾಂ ಬರೆದು ಎರಡೂ ಕಡೆಯವರ ಸಹಿ ಹಾಕಿಸಿ. ನಿಮ್ಮ ವಹಿವಾಟು ಎಂದರೆ ಮಜೂರಿ ಮಾತ್ರ. ಬೆಳ್ಳಿಯ ಬೆಲೆಯನ್ನೂ ಸೇರಿಸಿ ಬಿಲ್ ಬರೆಯುವವರು ಇಲ್ಲದ ವಹಿವಾಟು ತೋರಿಸಿ ತಾವೇ ಜಿಎಸ್‌ಟಿ ಮಿತಿಯತ್ತ ನಡೆದು ಹೋಗುತ್ತಾರೆ.

ಉಳಿದ ಮೂರು ವಹಿ

ಕಿರ್ದಿ: ದಿನದ ಜಮಾ-ಖರ್ಚು. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು, ಕೆಳಗೆ ಆಖೈರು ಶಿಲ್ಕು. ನಗದು ಒಂದು ಕಂಬ, ಬ್ಯಾಂಕ್ ಮತ್ತು ಯುಪಿಐ ಇನ್ನೊಂದು. ಈ ಎರಡು ಕಂಬ ಯಾಕೆ ಬೇರೆ ಇರಬೇಕೆಂದು ಆದಾಯ ತೆರಿಗೆಯ ಭಾಗದಲ್ಲಿ ತಿಳಿಯುತ್ತದೆ. ರಾತ್ರಿ ಅಂಗಡಿ ಮುಚ್ಚುವ ಮುನ್ನ ಹತ್ತು ನಿಮಿಷ ಸಾಕು.

ಉದ್ರಿ ಖತಾವಣಿ: ಒಬ್ಬೊಬ್ಬ ವ್ಯಾಪಾರಿಗೆ, ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಪುಟ. ಕೆಲಸಗಾರನ ಪುಟದಲ್ಲಿ ಪೇಷಗಿ (ಮುಂಗಡ), ತುಂಡಿನ ಲೆಕ್ಕದ ಕೂಲಿ, ಬಾಕಿ. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ, ಪೂರ್ಣ ಲೆಕ್ಕಪತ್ರ ತೋರಿಸಿ ತೆರಿಗೆ ಕಟ್ಟುವವರಿಗೆ ಆ ಖರ್ಚು ಮಾನ್ಯವಾಗುವುದಿಲ್ಲ. ಬೆಳ್ಳಿ ಖರೀದಿಗೂ ಇದೇ ನಿಯಮ. ಬೆಳ್ಳಿಯನ್ನು ಬ್ಯಾಂಕ್ ಮೂಲಕವೇ ಕೊಂಡು ಬಿಲ್ ಪಡೆಯಿರಿ. ನಗದಿನಲ್ಲಿ 20,000 ಅಥವಾ ಹೆಚ್ಚಿನ ಕೈಸಾಲ ತೆಗೆದುಕೊಳ್ಳುವುದು, ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದು ಎರಡೂ ನಿಷಿದ್ಧ. ದಂಡ ಪಡೆದ ಮೊತ್ತದಷ್ಟೇ ಆಗಬಹುದು.

ಆರ್ಡರ್ ವಹಿ: ಸಾಮಾನಿನ ನಂಬರು, ನಮೂನೆ, ಒಪ್ಪಿದ ಬೆಲೆ, ಮುಂಗಡ, ಆ ದಿನದ ಬೆಳ್ಳಿ ದರ, ಕೊಡುವ ತಾರೀಖು. ಎಂಪೋರಿಯಂಗೆ ಅಥವಾ ಅಂಗಡಿಗೆ 'ಮಾರಿದರೆ ಹಣ, ಇಲ್ಲವಾದರೆ ಮಾಲು ವಾಪಸ್' ಎಂಬ ಮಾತಿನ ಮೇಲೆ ಕೊಟ್ಟ ಸಾಮಾನನ್ನೂ ಇಲ್ಲೇ ಬರೆಯಿರಿ, ಮಾರಾಟ ಎಂದಲ್ಲ. ಅದು ಮಾರಾಟವಾದ ದಿನ ಬಿಲ್. ಜಿಎಸ್‌ಟಿ ಇದ್ದವರು ಮಾಲು ಕಳಿಸಿ 6 ತಿಂಗಳಾದರೂ ಮಾರಾಟವಾಗದಿದ್ದರೆ ಆ ಹೊತ್ತಿಗೆ ಬಿಲ್ ಮಾಡಲೇಬೇಕು. ಇಲ್ಲವೇ ಅದಕ್ಕೂ ಮೊದಲು ವಾಪಸ್ ತರಿಸಿಕೊಳ್ಳಬೇಕು.

ಬಿದರಿಯನ್ನು ಕಪ್ಪಾಗಿಸುವ ಕೋಟೆಯ ಮಣ್ಣಿಗೆ, ಗುಜರಿಯಿಂದ ತಂದ ತಾಮ್ರಕ್ಕೆ, ಆಟೋ ಬಾಡಿಗೆಗೆ ಬಿಲ್ ಸಿಗುವುದಿಲ್ಲ. ತಾರೀಖು, ಮೊತ್ತ, ಕಾರಣ, ಪಡೆದವರ ಸಹಿ ಇರುವ ಒಂದು ಚೀಟಿ ಮಾಡಿಟ್ಟರೆ ಸಾಕು. ಅಂಗಡಿಗಳು ಕೊಡುವ ಥರ್ಮಲ್ ಕಾಗದದ ಬಿಲ್ಲು ವರ್ಷದೊಳಗೆ ಬೆಳ್ಳಗಾಗುತ್ತದೆ, ಬಂದ ದಿನವೇ ಫೋಟೊ ತೆಗೆದಿಡಿ.

ಒಂದು ಹೂದಾನಿಯ ಅಸಲು

ಬೆಲೆ ಹೇಳುವಾಗ ತಪ್ಪುವುದು ಬೆಳ್ಳಿ ದರದಲ್ಲಿ. ಲೆಕ್ಕಕ್ಕೆ ಗ್ರಾಂಗೆ 200 ರೂ. ಎಂದು ಹಿಡಿಯೋಣ. ಸತು-ತಾಮ್ರ 700 ಗ್ರಾಂ, 245 ರೂ. ಬೆಳ್ಳಿ 15 ಗ್ರಾಂ, 3,000. ಸವಕಳಿ 0.6 ಗ್ರಾಂ, 120. ಎರಕದ ಕೂಲಿ 150. ಕೆತ್ತನೆ ಮತ್ತು ಜಡಿತ ಮೂರು ದಿನ, ದಿನಕ್ಕೆ 700ರಂತೆ 2,100. ಪಾಲಿಶ್ 100. ನವಸಾಗರ, ಮೈಲುತುತ್ತ, ರಾಳ, ಎಣ್ಣೆ, ಕರೆಂಟು ಸೇರಿ 85. ಒಟ್ಟು ಅಸಲು 5,800. ಮಾರುವ ಬೆಲೆ 7,000 ಎಂದು ಒಪ್ಪಿದರೆ ಉಳಿಯುವುದು 1,200.

ಮುಂಗಡ ಪಡೆದ ದಿನ ಬೆಳ್ಳಿ ಕೊಳ್ಳದೆ ತಿಂಗಳು ಬಿಟ್ಟು ಕೊಂಡಿರಿ, ದರ 240 ಆಗಿತ್ತು ಎನ್ನಿ. 15.6 ಗ್ರಾಂಗೆ 624 ರೂ. ಹೆಚ್ಚು. ಲಾಭ 576ಕ್ಕೆ ಇಳಿಯಿತು. ಐವತ್ತು ಹೂದಾನಿಯ ಕಾರ್ಪೊರೇಟ್ ಉಡುಗೊರೆಯ ಆರ್ಡರ್ ಆದರೆ 31,200 ರೂಪಾಯಿ ಕೈಬಿಟ್ಟಿತು. ಇದಕ್ಕೆ ಎರಡು ದಾರಿ ಇವೆ. ಮುಂಗಡವನ್ನು ಕನಿಷ್ಠ ಆ ಆರ್ಡರಿನ ಪೂರ್ತಿ ಬೆಳ್ಳಿಯಷ್ಟು ಪಡೆದು ಅದೇ ದಿನ ಬೆಳ್ಳಿ ಕೊಳ್ಳುವುದು. ಇಲ್ಲವೇ ಕೊಟೇಶನ್‌ನಲ್ಲೇ 'ಬೆಳ್ಳಿ ಗ್ರಾಂಗೆ ಇಷ್ಟು ದರದಂತೆ, ವ್ಯತ್ಯಾಸವಾದರೆ ಬೆಳ್ಳಿಯ ಪಾಲು ಮಾತ್ರ ಬದಲಾಗುತ್ತದೆ' ಎಂದು ಬರೆಯುವುದು. ಮೊದಲನೆಯದೇ ಮೇಲು. ಎರಡನೆಯದರಲ್ಲಿ ಗಿರಾಕಿಯೊಡನೆ ಜಗಳ ತಪ್ಪದು.

20 ಲಕ್ಷವೋ, 40 ಲಕ್ಷವೋ

ಜಿಎಸ್‌ಟಿ ನೋಂದಣಿಗೆ ಮಿತಿ 40 ಲಕ್ಷ ಎಂಬ ಮಾತು ಎಲ್ಲರ ಬಾಯಲ್ಲಿದೆ. ಕರ್ನಾಟಕದಲ್ಲಿ ಅದು ನಿಜ, ಆದರೆ ಸರಕು ಮಾತ್ರ, ಅದೂ ರಾಜ್ಯದೊಳಗೆ ಮಾತ್ರ ಮಾರುವವರಿಗೆ. ಬಿದರಿ ಕೆಲಸದವರು ಈ ಸಾಲಿನಿಂದ ಎರಡು ಕಡೆ ಹೊರಬೀಳುತ್ತಾರೆ.

ಮಜೂರಿ ಕೆಲಸ ಸೇವೆ. ಸರಕಿನ ಮಾರಾಟದ ಜೊತೆ ಮಜೂರಿಯೂ ಇದ್ದರೆ ನಿಮ್ಮ ಮಿತಿ 20 ಲಕ್ಷ. ಸ್ವಂತ ಸಾಮಾನಿನ ಮಾರಾಟ 16 ಲಕ್ಷ, ಮಜೂರಿ 5 ಲಕ್ಷ ಆದವರು 40 ಲಕ್ಷ ದೂರವಿದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ, ಆದರೆ 21 ಲಕ್ಷಕ್ಕೆ ಮಿತಿ ದಾಟಿ ಆಗಿರುತ್ತದೆ. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು.

ಎರಡನೆಯದು ಹೊರರಾಜ್ಯದ ಮಾರಾಟ. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಜಹೀರಾಬಾದ್ ದಾಟಿದರೆ ಸಂತೆಗೆ ಹೋದಷ್ಟೇ ಸಲೀಸು. ಆದರೆ ಕಾನೂನಿನ ಕಣ್ಣಿಗೆ ಅದು ಅಂತರರಾಜ್ಯ ಮಾರಾಟ, ಸಾಮಾನ್ಯ ಸರಕಾದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಕರಕುಶಲ ವಸ್ತುಗಳಿಗೆ ಮಾತ್ರ ಇಲ್ಲಿ ರಿಯಾಯಿತಿ ಇದೆ: ಒಟ್ಟು ವಹಿವಾಟು 20 ಲಕ್ಷದೊಳಗೆ ಇದ್ದರೆ ನೋಂದಣಿ ಇಲ್ಲದೆಯೂ ಹೊರರಾಜ್ಯಕ್ಕೆ ಮಾರಬಹುದು, ಹೊರರಾಜ್ಯದ ಮೇಳದಲ್ಲಿ ಮಳಿಗೆಯನ್ನೂ ಹಾಕಬಹುದು. ಹೆಚ್ಚಿನ ಪಾಲು ಕೈಯಿಂದ ಮಾಡಿದ್ದು, ಅಲಂಕಾರ ಅಥವಾ ಜಡಿತದ ಕೆಲಸವಿರುವುದು, ಯಂತ್ರದ ಮಾಲಿಗಿಂತ ಬೇರೆಯೇ ಗುಣವುಳ್ಳದ್ದು ಎಂದು ಅಧಿಸೂಚನೆ ಕರಕುಶಲವನ್ನು ವಿವರಿಸುತ್ತದೆ. ಬಿದರಿಗೆಂದೇ ಬರೆದಂತಿದೆ. ಈ ರಿಯಾಯಿತಿಗೆ ಎರಡು ಷರತ್ತು: ಪ್ಯಾನ್ ಇರಬೇಕು, ಇ-ವೇ ಬಿಲ್ (ಮಾಲು ಸಾಗಿಸುವ ಮುನ್ನ ಆನ್‌ಲೈನ್‌ನಲ್ಲಿ ಮಾಡುವ ಸಾಗಣೆ ಚೀಟಿ) ಮಾಡಬೇಕು.

ಇ-ವೇ ಬಿಲ್ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. 50,000 ರೂಪಾಯಿ ಒಳಗಿನ ಮಾಲಿಗೆ ಅದು ಬೇಡ ಎಂಬುದು ಸಾಮಾನ್ಯ ನಿಯಮ. ನೋಂದಣಿ ಇಲ್ಲದೆ ಕರಕುಶಲ ವಸ್ತುವನ್ನು ಹೊರರಾಜ್ಯಕ್ಕೆ ಒಯ್ಯುವವರಿಗೆ ಆ ಮಿತಿ ಇಲ್ಲ. ಮಾಲಿನ ಬೆಲೆ 8,000 ಇದ್ದರೂ ಇ-ವೇ ಬಿಲ್ ಬೇಕು. ಇ-ವೇ ಬಿಲ್ ಪೋರ್ಟಲ್‌ನಲ್ಲಿ ನಾಗರಿಕರಿಗಾಗಿ ಇರುವ ವಿಭಾಗಕ್ಕೆ ಹೋಗಿ ಹೆಸರು, ಮೊಬೈಲು, ಮಾಲಿನ ವಿವರ, ತಲುಪುವ ಊರು, ವಾಹನದ ನಂಬರು ತುಂಬಿದರೆ ಹತ್ತು ನಿಮಿಷದ ಕೆಲಸ. ಜೊತೆಗೆ ಪ್ಯಾನ್ ಪ್ರತಿ, ಕುಶಲಕರ್ಮಿಯ ಪೆಹಚಾನ್ (ಗುರುತಿನ) ಕಾರ್ಡ್, ಮಾಲಿನ ಪಟ್ಟಿ ಒಂದು ಫೈಲಿನಲ್ಲಿ ಇರಲಿ.

ಆನ್‌ಲೈನ್ ಮಾರುಕಟ್ಟೆಯ ನಿಯಮ ಬೇರೆ. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣವರು ಜಿಎಸ್‌ಟಿ ಇಲ್ಲದೆ, ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ದಾಖಲಾತಿ ಸಂಖ್ಯೆ ಪಡೆದು ಇ-ಕಾಮರ್ಸ್ ತಾಣಗಳಲ್ಲಿ ಮಾರಬಹುದು, ಆದರೆ ಕರ್ನಾಟಕದೊಳಗಿನ ಗಿರಾಕಿಗೆ ಮಾತ್ರ. ತಾಣದ ಮೂಲಕ ಪುಣೆಗೆ ಒಂದು ಪೆಟ್ಟಿಗೆ ಹೋಗಬೇಕೆಂದರೂ ನೋಂದಣಿ ಬೇಕು. ಮೇಲೆ ಹೇಳಿದ ಕರಕುಶಲ ರಿಯಾಯಿತಿ ಇಲ್ಲಿ ನಡೆಯದು.

ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಒಂದು ಪೈಸೆಯನ್ನೂ ಬರೆಯಬಾರದು. ಗಿರಾಕಿ ಎಷ್ಟೇ ಕೇಳಿದರೂ ಸರಿ.

ನೋಂದಣಿ ಮಾಡುವಾಗ, ಮಾಡಿದ ಮೇಲೆ

ಅರ್ಜಿ ಜಿಎಸ್‌ಟಿ ಪೋರ್ಟಲ್‌ನಲ್ಲಿ, ಸರ್ಕಾರಿ ಶುಲ್ಕ ಇಲ್ಲ. ಪ್ಯಾನ್, ಆಧಾರ್, ಫೋಟೊ, ಬ್ಯಾಂಕ್ ವಿವರ, ಜಾಗದ ಕಾಗದ ಬೇಕು. ಸ್ವಂತ ಮನೆಯಾದರೆ ಕರೆಂಟು ಬಿಲ್ಲು ಅಥವಾ ಮನೆ ತೆರಿಗೆ ರಸೀದಿ, ತಂದೆಯ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರ, ಬಾಡಿಗೆಯಾದರೆ ಕರಾರು. ನಮ್ಮ ಕಡೆ ಅರ್ಜಿ ಸಿಕ್ಕಿಕೊಳ್ಳುವುದು ಹೆಸರಿನ ಅಕ್ಷರದಲ್ಲಿ. ಒಂದೇ ಹೆಸರು ಪ್ಯಾನ್‌ನಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇರುತ್ತದೆ. ಅರ್ಜಿಗೆ ಮುಂಚೆಯೇ ಎರಡನ್ನೂ ಒಂದೇ ಮಾಡಿಸಿ. ಆಧಾರ್ ದೃಢೀಕರಣವನ್ನೇ ಆರಿಸಿ, ಇಲ್ಲದಿದ್ದರೆ ಸ್ಥಳ ಪರಿಶೀಲನೆಗೆ ಕಾಯಬೇಕಾಗುತ್ತದೆ.

ಆಮೇಲೆ ರಾಜಿ ತೆರಿಗೆ, ಅಂದರೆ ಕಾಂಪೊಸಿಶನ್, ಬೇಕೋ ಸಾಮಾನ್ಯ ಪದ್ಧತಿಯೋ ಎಂಬ ಪ್ರಶ್ನೆ. ಕಾಂಪೊಸಿಶನ್‌ನಲ್ಲಿ ತಯಾರಕರಿಗೆ ವಹಿವಾಟಿನ ಶೇ. 1, ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ನಮೂನೆ ಸಿಎಂಪಿ-08, ಗಡುವು ಮುಂದಿನ ತಿಂಗಳ 18. ವರ್ಷಕ್ಕೊಮ್ಮೆ ರಿಟರ್ನ್, ಜಿಎಸ್‌ಟಿಆರ್-4. ಓದಲು ಹಗುರ. ಆದರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಬೆಳ್ಳಿ, ಸತುವಿಗೆ ಕಟ್ಟಿದ ತೆರಿಗೆ ವಾಪಸ್ ಸಿಗದು, ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಇನ್ನೊಂದು ಸೂಕ್ಷ್ಮವಿದೆ. 2023ರ ಅಕ್ಟೋಬರ್‌ನಿಂದ, ನೋಂದಣಿ ಇಲ್ಲದ ಗಿರಾಕಿಯ ವಿಳಾಸವನ್ನು ಬಿಲ್ಲಿನಲ್ಲಿ ಬರೆದರೆ ಮಾರಾಟದ ಸ್ಥಳ ಆ ವಿಳಾಸವೇ ಆಗುತ್ತದೆ. ಕೋಟೆ ನೋಡಲು ಬಂದ ಹೈದರಾಬಾದಿನವರು ನಿಮ್ಮ ಅಂಗಡಿಯಲ್ಲೇ ನಿಂತು ಕೊಂಡರೂ ಬಿಲ್ಲಿನಲ್ಲಿ ತೆಲಂಗಾಣ ಎಂದು ಬರೆದಿರೋ, ಅದು ಅಂತರರಾಜ್ಯ ಮಾರಾಟ. ಹೀಗಾಗಿ ಬೀದರಿನ ಬಿದರಿ ಕಾರ್ಖಾನೆಗೆ ಕಾಂಪೊಸಿಶನ್ ಹೊಂದುವುದು ಕಡಿಮೆ. ಸಾಮಾನ್ಯ ಪದ್ಧತಿಯೇ ಸರಿ.

ಸಾಮಾನ್ಯ ಪದ್ಧತಿಯಲ್ಲಿ 5 ಕೋಟಿಯೊಳಗಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆಯ್ಕೆ ತೆಗೆದುಕೊಳ್ಳಬಹುದು. ಆಗ ಮಾರಾಟದ ವಿವರದ ಜಿಎಸ್‌ಟಿಆರ್-1 ತ್ರೈಮಾಸಿಕದ ಮುಂದಿನ ತಿಂಗಳ 13ಕ್ಕೆ, ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ ಕರ್ನಾಟಕಕ್ಕೆ 22ಕ್ಕೆ. ತ್ರೈಮಾಸಿಕದ ಮೊದಲ ಎರಡು ತಿಂಗಳ ತೆರಿಗೆಯನ್ನು ಮಾತ್ರ ಆಯಾ ತಿಂಗಳ ಮುಂದಿನ ತಿಂಗಳ 25ರೊಳಗೆ ಚಲನ್ ಮೂಲಕ ಕಟ್ಟಬೇಕು. ಮಾರಾಟವೇ ಇಲ್ಲದ ತ್ರೈಮಾಸಿಕದಲ್ಲೂ ಶೂನ್ಯ ರಿಟರ್ನ್ ಹಾಕಲೇಬೇಕು. ತಪ್ಪಿದರೆ ದಿನಕ್ಕೆ 20 ರೂ., ಮಾರಾಟವಿದ್ದರೆ ದಿನಕ್ಕೆ 50 ರೂ. ವಿಳಂಬ ಶುಲ್ಕ ಏರುತ್ತ ಹೋಗುತ್ತದೆ. ಮಳೆಗಾಲದ ಬಿಡುವಿನಲ್ಲಿ ಇದನ್ನು ಮರೆತು ನೋಂದಣಿಯೇ ರದ್ದಾಗುವುದು ಅಪರೂಪವಲ್ಲ.

ದರ: ಸತುವಿನಂಥ ಮೂಲಲೋಹದ ಅಲಂಕಾರಿಕ ವಸ್ತು ಜಿಎಸ್‌ಟಿಯ ಸರಕು ಸಂಕೇತ 8306ರ ಕೆಳಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಶೇ. 5, ಅದಕ್ಕೂ ಮುಂಚೆ ಶೇ. 12. ಕಿವಿಯೋಲೆ, ಪದಕದಂಥ ಒಡವೆ 7117, ಶೇ. 3. ಹಳೆಯ ದರದ ಬಿಲ್ ನಮೂನೆ ಇನ್ನೂ ಕಂಪ್ಯೂಟರಿನಲ್ಲಿ ಇದ್ದರೆ ಇಂದೇ ಅಳಿಸಿ. ನೀವು ಕೊಳ್ಳುವ ಬೆಳ್ಳಿಗೆ ಶೇ. 3, ಸತುವಿಗೆ ಶೇ. 18. ಈ ತೆರಿಗೆ ನಿಮ್ಮ ಖಾತೆಗೆ ಜಮೆಯಾಗಬೇಕಾದರೆ ಮಾರಿದವರು ತಮ್ಮ ರಿಟರ್ನ್‌ನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ತೋರಿಸಿರಬೇಕು. ಪ್ರತಿ ಸಲ 3ಬಿ ಹಾಕುವ ಮುನ್ನ ನಿಮ್ಮ ಖರೀದಿಯ ತೆರಿಗೆ ಕಾಣುವ ಜಿಎಸ್‌ಟಿಆರ್-2ಬಿ ಪಟ್ಟಿ ತೆರೆದು ಬೆಳ್ಳಿ ಬಿಲ್ಲುಗಳನ್ನು ಒಂದೊಂದಾಗಿ ಗುರುತು ಹಾಕಿ. ಇಲ್ಲದ ಬಿಲ್ಲಿನ ಜಮೆ ತೆಗೆದುಕೊಂಡರೆ ಮುಂದೆ ಬಡ್ಡಿ ಸಮೇತ ಕಟ್ಟುವವರು ನೀವೇ.

ಬಿಲ್ಲಿನ ನಂಬರು ಏಪ್ರಿಲ್ 1ರಿಂದ ಹೊಸ ಸರಣಿ, ನಡುವೆ ಅಂತರ ಬಿಡದೆ. ಹಾಳಾದ ಬಿಲ್ಲನ್ನು ಹರಿಯಬೇಡಿ. 'ರದ್ದು' ಎಂದು ಗೀಟು ಹಾಕಿ ಪುಸ್ತಕದಲ್ಲೇ ಬಿಡಿ.

ಆದಾಯ ತೆರಿಗೆ

ಸಣ್ಣ ಕಾರ್ಖಾನೆಗೆ ಅನುಕೂಲದ ದಾರಿ ಅಂದಾಜು ಆದಾಯದ ಪದ್ಧತಿ. ಹಳೆಯ ಕಾಯ್ದೆಯ 44ಎಡಿ, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಕಲಂ 58. ವಹಿವಾಟು 2 ಕೋಟಿಯೊಳಗೆ ಇದ್ದರೆ ನಗದು ಜಮೆಯ ಶೇ. 8, ಬ್ಯಾಂಕ್ ಅಥವಾ ಯುಪಿಐ ಜಮೆಯ ಶೇ. 6 ಕನಿಷ್ಠ ಆದಾಯ ಎಂದು ತೋರಿಸಿದರೆ ಖರ್ಚಿನ ಪುಸ್ತಕ ಕೇಳುವುದಿಲ್ಲ. ವರ್ಷದ ವಹಿವಾಟು 9,60,000, ಅದರಲ್ಲಿ ನಗದು 3,60,000, ಬ್ಯಾಂಕ್ 6,00,000 ಎನ್ನಿ. 28,800 ಮತ್ತು 36,000 ಸೇರಿ 64,800. ಕಿರ್ದಿಯಲ್ಲಿ ಎರಡು ಕಂಬ ಇಡಲು ಹೇಳಿದ್ದು ಇದಕ್ಕೇ. ಕಂಬ ಬೇರೆ ಇಲ್ಲದವರು ಇಡೀ ಮೊತ್ತಕ್ಕೆ ಶೇ. 8 ಲೆಕ್ಕ ಹಾಕಬೇಕಾಗುತ್ತದೆ.

ಆದರೆ 64,800 ಕನಿಷ್ಠ. ನಿಜವಾದ ಉಳಿತಾಯ 2,10,000 ಇದ್ದರೆ 2,10,000 ಎಂದೇ ತೋರಿಸಿ. ಕಾನೂನು ಕೇಳುವುದೂ ಅದನ್ನೇ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ, 2025-26ರಿಂದ ಒಟ್ಟು ಆದಾಯ 12 ಲಕ್ಷದವರೆಗೆ ರಿಯಾಯಿತಿಯಿಂದ ಕಟ್ಟುವ ತೆರಿಗೆ ಶೂನ್ಯವಾಗುತ್ತದೆ. ಕಡಿಮೆ ತೋರಿಸಿ ಉಳಿಯುವುದೇನೂ ಇಲ್ಲ. ಕಳೆದುಕೊಳ್ಳುವುದು ಬಹಳ: ನಾಳೆ ಪಾಲಿಶ್ ಯಂತ್ರಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಅವರು ಮೊದಲು ಬಿಡಿಸುವುದು ಮೂರು ವರ್ಷದ ರಿಟರ್ನ್. ವರ್ಷಕ್ಕೆ 64,800 ಗಳಿಸುವವರಿಗೆ 5 ಲಕ್ಷದ ಸಾಲ ಯಾರು ಕೊಡುತ್ತಾರೆ? ಆದಾಯ ಮಿತಿಯೊಳಗೆ ಇದ್ದರೂ ಐಟಿಆರ್-4 ಹಾಕುವುದು ಲೇಸು ಎನ್ನುವುದಕ್ಕೂ ಇದೇ ಕಾರಣ.

ಅಂದಾಜು ಆದಾಯದ ಪದ್ಧತಿಯಿಂದ ಒಮ್ಮೆ ಹೊರಗೆ ಕಾಲಿಟ್ಟು ಕಡಿಮೆ ಲಾಭ ತೋರಿಸಿದರೆ ಮುಂದಿನ 5 ವರ್ಷ ಮರಳಿ ಬರುವಂತಿಲ್ಲ. ಆದಾಯ ತೆರಿಗೆರಹಿತ ಮಿತಿ ದಾಟಿದ್ದರೆ ಆಡಿಟ್ ಕೂಡ ಬೇಕು. ಬೇರೆಯವರ ಸಾಮಾನು ಮಾರಿಸಿಕೊಟ್ಟು ಪಡೆದ ಕಮಿಶನ್‌ಗೆ ಈ ಪದ್ಧತಿ ಅನ್ವಯಿಸದು, ಅದನ್ನು ಬೇರೆ ತೋರಿಸಬೇಕು. ತೆರಿಗೆ 10,000 ಅಥವಾ ಹೆಚ್ಚು ಬರುವಂತಿದ್ದರೆ ಮುಂಗಡ ತೆರಿಗೆಯನ್ನು ಒಂದೇ ಕಂತಿನಲ್ಲಿ ಮಾರ್ಚ್ 15ರೊಳಗೆ ಕಟ್ಟಿ.

ರಿಟರ್ನ್‌ಗೆ ಕೂರುವ ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ (ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ಮತ್ತು ವಾರ್ಷಿಕ ಮಾಹಿತಿ ಪಟ್ಟಿ ತೆರೆಯಿರಿ. ಮಜೂರಿ ಕೊಟ್ಟ ಕಂಪನಿ ಶೇ. 1, ಆನ್‌ಲೈನ್ ತಾಣ ಶೇ. 0.1 ಕಡಿತ ಮಾಡಿದ್ದು ಅಲ್ಲಿ ಕಾಣುತ್ತದೆ. ಅದು ನಿಮ್ಮದೇ ಹಣ, ರಿಟರ್ನ್ ಹಾಕಿದರೆ ಮಾತ್ರ ವಾಪಸ್. ಜೂನ್ ಮಧ್ಯದ ನಂತರ ನೋಡಿ, ಅದಕ್ಕೂ ಮುಂಚೆ ಕೊನೆಯ ತ್ರೈಮಾಸಿಕದ ಕಡಿತ ಏರಿರುವುದಿಲ್ಲ.

ಬಾಕಿ ವಸೂಲಿಗೆ ಒಂದು ಅಸ್ತ್ರ

ಉದ್ಯಮ್, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ, ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಅರ್ಧ ಗಂಟೆಯ ಕೆಲಸ. ಇದಕ್ಕೆ ಹಣ ಕೇಳುವ ತಾಣ ಸರ್ಕಾರದ್ದಲ್ಲ. ಈ ಸಂಖ್ಯೆ ಪಡೆದ ಮೇಲೆ ಕೊಟ್ಟ ಮಾಲಿಗೆ ಖರೀದಿದಾರರು ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಅಷ್ಟೇ ಅಲ್ಲ, ಈ ಗಡುವು ಮೀರಿದ ಬಾಕಿಯನ್ನು ಕೊಡುವವರೆಗೂ ಅವರು ತಮ್ಮ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಮಾರ್ಚ್‌ನಲ್ಲಿ ಅವರ ಆಡಿಟರೇ ನಿಮ್ಮ ಹಣ ಕೊಡಿಸಿಬಿಡುವ ಸಾಧ್ಯತೆ ಇದೆ. ಬಿಲ್ಲಿನ ಮೇಲ್ಭಾಗದಲ್ಲಿ ಉದ್ಯಮ್ ಸಂಖ್ಯೆ ದೊಡ್ಡದಾಗಿ ಅಚ್ಚು ಹಾಕಿಸಿ. ಮಾಲು ತಲುಪಿದ ದಿನದ ಸಹಿ ಪಡೆದಿಡಿ, ದಿನದ ಎಣಿಕೆ ಶುರುವಾಗುವುದು ಅಲ್ಲಿಂದಲೇ. ಮಾತಿಗೆ ಬಗ್ಗದಿದ್ದರೆ ಸಣ್ಣ ಉದ್ದಿಮೆಗಳ ಬಾಕಿಗೆಂದೇ ಇರುವ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ದೂರು.

ಮಾರ್ಚ್ 31ರ ಸಂಜೆ

ಆ ದಿನ ಕೆಲಸ ನಾಲ್ಕಕ್ಕೆ ನಿಲ್ಲಿಸಿ. ಕಪಾಟಿನ ಸಾಮಾನನ್ನು ನಾಲ್ಕು ಗುಂಪು ಮಾಡಿ: ಎರಕ ಮಾತ್ರ ಆದದ್ದು, ಕೆತ್ತನೆ ಆದದ್ದು, ಬೆಳ್ಳಿ ಕೂತದ್ದು, ಮಣ್ಣಿನ ಲೇಪ ತಿಂದು ಕಪ್ಪಾಗಿ ಮಾರಲು ಸಿದ್ಧವಾದದ್ದು. ಒಂದೊಂದಕ್ಕೂ ಅಲ್ಲಿಯವರೆಗೆ ಆದ ಅಸಲು ಹಾಕಿ, ಮಾರುವ ಬೆಲೆಯನ್ನಲ್ಲ. ಕೆಲಸಗಾರರ ಮನೆಯಲ್ಲಿರುವ ಬೆಳ್ಳಿಯನ್ನೂ ತರಿಸಿ ತೂಗಿ. ಗಿರಾಕಿಯ ಬೆಳ್ಳಿಯನ್ನು ಬೇರೆ ಪೊಟ್ಟಣದಲ್ಲಿಟ್ಟು ಪಟ್ಟಿಯಿಂದ ಹೊರಗಿಡಿ. ಎಂಪೋರಿಯಂಗಳಲ್ಲಿ ಕುಳಿತ ಮಾರಾಟವಾಗದ ಸಾಮಾನು ನಿಮ್ಮದೇ, ಅವುಗಳಿಂದ ಲಿಖಿತ ಪಟ್ಟಿ ತರಿಸಿ ಸೇರಿಸಿ. ಪಟ್ಟಿಗೆ ತಾರೀಖು, ಸಹಿ ಹಾಕಿ, ತಕ್ಕಡಿಯ ಮೇಲಿನ ಅಂಕಿಯ ಫೋಟೊ ಸಮೇತ ಆ ವರ್ಷದ ಬಿಲ್ಲಿನ ಕಟ್ಟಿನೊಳಗೆ ಇಡಿ. ಜಿಎಸ್‌ಟಿ ಇದ್ದವರು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ ಮುಂದೆ 72 ತಿಂಗಳು ಇವನ್ನೆಲ್ಲ ಕಾಯ್ದಿಡಬೇಕು. ನೋಂದಣಿ ಇಲ್ಲದವರೂ ಅಷ್ಟೇ ಕಾಲ ಇಡಿ. ಕಟ್ಟನ್ನು ಕುಲುಮೆಯ ಕೋಣೆಯಲ್ಲಿ ಇಡಬೇಡಿ, ನವಸಾಗರದ ಹೊಗೆ ಕಾಗದವನ್ನು ಬಿಡುವುದಿಲ್ಲ. ಏಪ್ರಿಲ್ 1ರ ಬೆಳ್ಳಿ ವಹಿಯ ಮೊದಲ ಸಾಲು ಹಿಂದಿನ ಸಂಜೆ ತೂಗಿದ ಆ ಗ್ರಾಂ.